ಓಲೆಗರಿಯಿಂದ ಓದಿ ಹೇಳುವ ಪುಟದವರೆಗೆ: ಕಾಸರಗೋಡಿನಲ್ಲಿ ಅಕ್ಷರ ಮತ್ತು ದನಿ

ಕಾಸರಗೋಡಿನ ಕನ್ನಡಿಗರಲ್ಲಿ ಬಹುಮಂದಿಗೆ ಪುಸ್ತಕದ ಕನ್ನಡವು ಮನೆಮಾತಲ್ಲ. ಒಂದು ಅಂಗಳದಲ್ಲಿ ತುಳು, ಬೇಲಿಯಾಚೆ ಹವ್ಯಕರ ನುಡಿ, ತೋಡು ದಾಟಿದರೆ ಮರಾಠಿ, ಪೇಟೆಗಿಳಿದರೆ ಕೊಂಕಣಿ, ಬ್ಯಾರಿ, ಮಲಯಾಳ. ಸಪ್ತಭಾಷೆಗಳ ಸಂಗಮಭೂಮಿ ಎಂದು ಪ್ರತಿಯೊಂದು ಸಮ್ಮೇಳನದ ವೇದಿಕೆಯಲ್ಲೂ ನಾವು ಹೇಳಿಕೊಳ್ಳುವ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಇಲ್ಲಿ ಕನ್ನಡವು ತೊಟ್ಟಿಲ ನುಡಿಯಾಗಿ ಬಂದದ್ದಕ್ಕಿಂತ ಹೆಚ್ಚಾಗಿ ಶಾಲೆಯ, ದೇವಸ್ಥಾನದ, ಕಾಗದಪತ್ರದ, ರಂಗಸ್ಥಳದ ನುಡಿಯಾಗಿ ಬಂದಿತು. ಘಟ್ಟದ ಮೇಲಿನವರು ನಮ್ಮನ್ನು ಪುಸ್ತಕದಂತೆ ಮಾತನಾಡುವವರು ಎಂದು ನಗೆಯಾಡುವುದುಂಟು. ನಗೆ ಅವರದಾದರೂ ಮಾತು ಸತ್ಯವೇ. ಮಹಾಪ್ರಾಣವನ್ನು ಮಹಾಪ್ರಾಣವಾಗಿಯೇ, ಳಕಾರವನ್ನು ಳಕಾರವಾಗಿಯೇ ನುಡಿಯುವ ಅಭ್ಯಾಸ ನಮಗೆ ಬಂದಿರುವುದು ಯಾರೋ ಒಬ್ಬರು ಗ್ರಂಥವನ್ನು ಎದುರಿಗಿಟ್ಟುಕೊಂಡು ಗಟ್ಟಿಯಾಗಿ ಓದಿದ್ದನ್ನು ತಲೆಮಾರುಗಟ್ಟಲೆ ಕೇಳಿದ್ದರಿಂದ.

ಈಗ ಮಕ್ಕಳ ಕೈಯಲ್ಲಿರುವ ಮೊಬೈಲ್ ಪರದೆಯ ಮೇಲೆ ಒಂದು ಬಗೆಯ ಪುಸ್ತಕ ಕಾಣಸಿಗುತ್ತದೆ. ಅದರಲ್ಲಿ ಒಂದು ದನಿ ಕಥೆಯನ್ನು ಓದುತ್ತಾ ಹೋಗುತ್ತದೆ. ಯಾವ ಪದ ಬಾಯಲ್ಲಿದೆಯೋ ಆ ಪದದ ಮೇಲೆ ಅದೇ ಕ್ಷಣದಲ್ಲಿ ಬಣ್ಣ ಮೂಡುತ್ತದೆ. ದನಿ ಮುಂದೆ ಹೋದಂತೆ ಬಣ್ಣವೂ ಮುಂದೆ ಸರಿಯುತ್ತದೆ. ಕಿವಿ ಮತ್ತು ಕಣ್ಣು ಜೊತೆಜೊತೆಯಾಗಿ ನಡೆಯುತ್ತವೆ. ಇದನ್ನು ಪಾಶ್ಚಾತ್ಯರು ಕಂಡುಹಿಡಿದ ಹೊಸ ಸೋಜಿಗವೆಂದು ಕೈಕಟ್ಟಿ ನೋಡುವವರಿದ್ದಾರೆ. ಆಟಿಕೆಯೆಂದು ತಳ್ಳಿಹಾಕುವವರೂ ಇದ್ದಾರೆ. ಗಡಿನಾಡಿನ ಕನ್ನಡದ ಚರಿತ್ರೆಯನ್ನು ಬಲ್ಲವರಿಗೆ ಮಾತ್ರ ಇದರಲ್ಲಿ ಹಳೆಯ ಪರಿಚಯವೊಂದು ಕಾಣಿಸಬೇಕು. ಅಕ್ಷರ ಮತ್ತು ದನಿ ಇಲ್ಲಿ ಹೇಗೆ ಕೂಡಿದ್ದವು, ಯಾವಾಗ ಅಗಲಿದವು, ಅವುಗಳನ್ನು ಮತ್ತೆ ಕೂಡಿಸುವ ಈ ವಿದ್ಯೆ ಎಲ್ಲಿಂದ ಬಂದಿತು ಎಂಬುದನ್ನು ವಿಚಾರಿಸುವುದು ಈ ಬರೆಹದ ಉದ್ದೇಶ.

ಪುರಾಣ ವಾಚನದಿಂದಲೇ ಆರಂಭಿಸೋಣ. ಆಟಿ ತಿಂಗಳ ಜಡಿಮಳೆಯಲ್ಲಿ ಬೇಸಾಯದ ಕೆಲಸ ನಿಂತು ಮನೆಮಂದಿ ಜಗಲಿಯಲ್ಲಿ ಕೂಡುವ ಹೊತ್ತು. ವ್ಯಾಸಪೀಠದ ಮೇಲೆ ಗ್ರಂಥ, ಮಗ್ಗುಲಲ್ಲಿ ದೀಪ. ವಾಚಕರು ಪದ್ಯವನ್ನು ರಾಗವಾಗಿ ಓದುತ್ತಾರೆ, ವ್ಯಾಖ್ಯಾನಕಾರರು ಅದರ ಅರ್ಥವನ್ನು ಬಿಡಿಸುತ್ತಾರೆ. ಕುಮಾರವ್ಯಾಸನ ಭಾರತ, ತೊರವೆ ರಾಮಾಯಣ, ಲಕ್ಷ್ಮೀಶನ ಜೈಮಿನಿ ಭಾರತ ಇವು ಇಂತಹ ಕೂಟಗಳ ನೆಚ್ಚಿನ ಗ್ರಂಥಗಳು. ಇದೇ ತಿಂಗಳನ್ನು ಮಲಯಾಳಿಗಳು ಕರ್ಕಾಟಕವೆಂದು ಕರೆದು ಎಳುತ್ತಚ್ಛನ್ನನ ಅಧ್ಯಾತ್ಮ ರಾಮಾಯಣವನ್ನು ಮನೆಮನೆಯಲ್ಲಿ ಓದುತ್ತಾರೆ. ಚಂದ್ರಗಿರಿ ಹೊಳೆಯ ಎರಡು ದಡಗಳಲ್ಲಿ ಭಾಷೆ ಬೇರೆಯಾದರೂ ಮಳೆ ಒಂದೇ, ಗಟ್ಟಿಯಾಗಿ ಓದುವ ಪದ್ಧತಿಯೂ ಒಂದೇ. ಎರಡು ರಾಜ್ಯಗಳ ಗಡಿವಿವಾದದ ಗದ್ದಲದಲ್ಲಿ ಈ ಸಾಮ್ಯವನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳಲಿಲ್ಲ ಎನ್ನುವುದು ಬೇರೆ ಮಾತು.

ಈ ವಾಚಕರು ಮಾಡುತ್ತಿದ್ದ ಕೆಲಸದ ಬೆಲೆ ತಿಳಿಯಬೇಕಾದರೆ ಓಲೆಗರಿಯ ಗ್ರಂಥವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅದರಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಕಂಠದಿಂದ ಕೊರೆದ ಅಕ್ಷರಗಳು ಗರಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಾಲಾಗಿ, ಇರುವೆಗಳಂತೆ ಹೋಗುತ್ತವೆ. ಎಲ್ಲಿ ಒಂದು ಪದ ಮುಗಿಯಿತು, ಎಲ್ಲಿ ಇನ್ನೊಂದು ಮೊದಲಾಯಿತು ಎಂಬುದನ್ನು ಗರಿ ಹೇಳುವುದಿಲ್ಲ. ಓದುವವನ ದನಿ ಹೇಳಬೇಕು. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ತುಳು ಲಿಪಿಯ ಓಲೆಗರಿಗಳಿಂದ ವಿಷ್ಣುತುಂಗನ ‘ಶ್ರೀ ಭಾಗವತೊ’ ಕಾವ್ಯವನ್ನು ಬೆಳಕಿಗೆ ತಂದಾಗ ಅವರು ಪಟ್ಟ ಶ್ರಮದಲ್ಲಿ ಬಹುಪಾಲು ಹೀಗೆ ಪದ ಬಿಡಿಸುವುದೇ ಆಗಿದ್ದಿರಬೇಕು. ಗಮಕಿಗಳು ಪದಚ್ಛೇದವೆಂದು ಕರೆಯುವುದು ಇದನ್ನೇ. ಎಲ್ಲಿ ಉಸಿರು ನಿಲ್ಲಿಸಬೇಕು, ಯಾವ ಪದವನ್ನು ಎತ್ತಿ ಹಿಡಿಯಬೇಕು, ಯಾವುದನ್ನು ತೇಲಿಸಿ ಬಿಡಬೇಕು ಎಂಬ ವಿವೇಕವಿಲ್ಲದವನು ಎಷ್ಟೇ ಇಂಪಾಗಿ ಹಾಡಿದರೂ ಗಮಕಿಯಾಗುವುದಿಲ್ಲ. ಹೊಸ ಪುಸ್ತಕದಲ್ಲಿ ಪದದ ಮೇಲೆ ಮೂಡುವ ಬಣ್ಣ ಮಾಡುವ ಕೆಲಸವನ್ನು ಅಂದು ಗಮಕಿಯ ಕಂಠ ಮಾಡುತ್ತಿತ್ತು. ಅದು ಕಣ್ಣಿಗೆ ಕಾಣದ ಗೆರೆಗಳನ್ನು ಕಿವಿಯಲ್ಲಿ ಎಳೆಯುತ್ತಿತ್ತು.

ಮಕ್ಕಳ ಅಕ್ಷರಾಭ್ಯಾಸವೂ ಇದೇ ಜಾಡಿನದು. ಐಗಳ ಮಠದಲ್ಲಿ ಹರಡಿದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವಾಗ ಆ ಅಕ್ಷರದ ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತು. ಬೆರಳು ಎಲ್ಲಿದೆಯೋ ಅಲ್ಲಿಯೇ ದನಿ. ಮೌನವಾಗಿ ಓದುವುದು ನಮ್ಮಲ್ಲಿ ತೀರ ಈಚಿನ ಸಂಗತಿ.

ತಾಳಮದ್ದಳೆಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಂದಿನ ತಂತ್ರಜ್ಞರಿಗೆ ಬಿಡಿಸಲು ಕಷ್ಟವಾಗುವ ಗಂಟೊಂದು ಅದರಲ್ಲಿದೆ. ಕುಂಬಳೆ ಸೀಮೆಯ ಪಾರ್ತಿಸುಬ್ಬ ರಾಮಾಯಣವನ್ನು ಪ್ರಸಂಗಗಳಾಗಿ ಹೆಣೆದುಕೊಟ್ಟ ಮೇಲೆ ಈ ಪ್ರದೇಶದಲ್ಲಿ ಪ್ರಸಂಗದ ಪುಸ್ತಕವಿಲ್ಲದ ಊರು ವಿರಳವಾಯಿತು. ಭಾಗವತರ ಮುಂದೆ ಪುಸ್ತಕವಿರುತ್ತದೆ; ಅವರು ಹಾಡುವುದೆಲ್ಲ ಅದರಲ್ಲಿದೆ. ಆದರೆ ಒಂದು ಪದ ಮುಗಿದ ಮೇಲೆ ಅರ್ಥಧಾರಿಗಳು ಆಡುವ ಮಾತು ಯಾವ ಪುಸ್ತಕದಲ್ಲಿಯೂ ಇಲ್ಲ. ನಾಲ್ಕು ಸಾಲಿನ ಪದಕ್ಕೆ ಅರ್ಧ ಗಂಟೆಯ ಅರ್ಥವೂ ಬಂದೀತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಒಂದೇ ಪಾತ್ರವನ್ನು ಹತ್ತು ಕಡೆ ಹತ್ತು ಬಗೆಯಾಗಿ ಕಟ್ಟುತ್ತಿದ್ದರೆಂಬುದು ಕೇಳಿದವರೆಲ್ಲ ಬಲ್ಲ ಸಂಗತಿ. ಹೀಗೆ ಒಂದೇ ಕೂಟದಲ್ಲಿ ಎರಡು ಬಗೆಯ ದನಿಗಳಿವೆ. ಒಂದು ಅಕ್ಷರಕ್ಕೆ ಕಟ್ಟುಬಿದ್ದದ್ದು, ಇನ್ನೊಂದು ಅಕ್ಷರದಿಂದ ಹೊರಟು ಅಕ್ಷರವನ್ನು ಬಿಟ್ಟು ಹೋಗುವಂಥದ್ದು. ಓದು ಬಾರದ ಕೃಷಿಕನೂ ಕೂಲಿಯವನೂ ಈ ಎರಡನ್ನೂ ಕೇಳಿ ಕನ್ನಡದ ಪ್ರೌಢ ಶಬ್ದಸಂಪತ್ತನ್ನು ತನ್ನದಾಗಿಸಿಕೊಂಡ. ನಿರಕ್ಷರಿಯಾದರೂ ಆತ ಗ್ರಂಥದ ಹೊರಗಿನವನಾಗಿರಲಿಲ್ಲ.

ಈ ಕೂಡಿಕೆ ಸಡಿಲವಾದದ್ದು ಒಂದೇ ದಿನದಲ್ಲಿ ಅಲ್ಲ, ಒಂದೇ ಕಾರಣದಿಂದಲೂ ಅಲ್ಲ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯ ಆರಂಭವಾಯಿತು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತು. ಅಚ್ಚಿನ ಪುಸ್ತಕ ಪದಗಳ ನಡುವೆ ತೆರಪು ಕೊಟ್ಟಿತು, ವಿರಾಮಚಿಹ್ನೆ ಕೊಟ್ಟಿತು. ಒಬ್ಬನೇ ಕುಳಿತು ಓದಬಲ್ಲವನಿಗೆ ಇದರಿಂದ ಮಹದುಪಕಾರವಾಯಿತು. ಆದರೆ ಗಟ್ಟಿಯಾಗಿ ಓದಿಸಿ ಕೇಳುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಇತ್ತ ದನಿಗೂ ತನ್ನದೇ ಆದ ವಾಹನಗಳು ದೊರೆತವು. 1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಯಕ್ಷಗಾನವೂ ಗಮಕವೂ ಗಾಳಿಯಲ್ಲಿ ತೇಲಿ ಬಂದವು, ಹಿಂದೆಯೇ ಕ್ಯಾಸೆಟ್ಟುಗಳು ಬಂದವು. ಪುಸ್ತಕ ಕಪಾಟಿನಲ್ಲಿ ಉಳಿಯಿತು, ದನಿ ರೇಡಿಯೋದಲ್ಲಿ ಉಳಿಯಿತು. ಎರಡನ್ನೂ ಎದುರೆದುರು ಇಟ್ಟುಕೊಳ್ಳುವ ವ್ಯಾಸಪೀಠ ಅಟ್ಟ ಸೇರಿತು.

ಇದು ಎಲ್ಲ ಕನ್ನಡ ಪ್ರದೇಶಗಳ ಕಥೆಯೇ ಆದರೂ ಕಾಸರಗೋಡಿಗೆ ಇದರ ಪೆಟ್ಟು ಹೆಚ್ಚು. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಜಿಲ್ಲೆಯಾಯಿತು. ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ಇವೆ, ಕೇರಳ ಸರಕಾರ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸಿ ಕೊಡುತ್ತಲೂ ಇದೆ. ಆದರೂ ಕನ್ನಡ ಮನೆಗಳ ಮಕ್ಕಳಲ್ಲಿ ಅನೇಕರು ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಿದ್ದಾರೆ, ಅಲ್ಲಿ ಎರಡನೆಯ ಭಾಷೆಯಾಗಿ ಮಲಯಾಳವನ್ನು ಕಲಿಯುತ್ತಿದ್ದಾರೆ. ಅವರ ಕಿವಿಗೆ ಕನ್ನಡ ಗೊತ್ತು. ಅಜ್ಜನೊಡನೆ ಕುಳಿತು ಆಟ ನೋಡುತ್ತಾರೆ, ಹಾಸ್ಯಕ್ಕೆ ನಗುತ್ತಾರೆ, ಭಾಗವತರ ಪದ ಗುನುಗುತ್ತಾರೆ. ಅಕ್ಷರ ಮಾತ್ರ ಗೊತ್ತಿಲ್ಲ. ಹಿಂದಿನ ನಿರಕ್ಷರಿಗಳ ಎದುರು ಓದಿ ಹೇಳುವವರು ಇದ್ದರು. ಮೂರು ಭಾಷೆಗಳಲ್ಲಿ ಪರೀಕ್ಷೆ ಬರೆಯುವ ಈ ಮಕ್ಕಳಿಗೆ ಕನ್ನಡದ ಪುಟವನ್ನು ಓದಿ ಹೇಳುವವರು ಇಲ್ಲ. ದುಬೈಯಲ್ಲೋ ಮುಂಬಯಿಯಲ್ಲೋ ನೆಲೆಸಿರುವ ನಮ್ಮವರ ಮನೆಗಳಲ್ಲಿಯೂ ಇದೇ ಸ್ಥಿತಿ. ಒಂದು ಭಾಷೆ ಕೇವಲ ಕಿವಿಯಲ್ಲಿ ಉಳಿದರೆ ಎಷ್ಟು ತಲೆಮಾರು ಬಾಳೀತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಲಿಪಿಯಿದ್ದೂ ಅದನ್ನು ಮರೆತ ತುಳುವಿನ ಚರಿತ್ರೆ ನಮ್ಮ ಮನೆಯೊಳಗೇ ಇದೆ.

ದನಿಯನ್ನೂ ಅಕ್ಷರವನ್ನೂ ಯಂತ್ರದ ಮೂಲಕ ಜೋಡಿಸುವ ವಿದ್ಯೆ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ, ಕಣ್ಣು ಕಾಣದವರಿಗಾಗಿ. 1934–35ರಲ್ಲಿ ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಪುಸ್ತಕಗಳನ್ನು ಓದಿ ತುಂಬಿಸುವ ಕಾರ್ಯ ಆರಂಭವಾಯಿತು. ಬ್ರಿಟನ್ನಿನಲ್ಲಿ ಇದಕ್ಕೆ ಪ್ರೇರಣೆ ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರು. ತಟ್ಟೆಯ ಒಂದು ಮುಖದಲ್ಲಿ ಸುಮಾರು 25 ನಿಮಿಷದ ಓದು. ಮುಂದೆ ಕ್ಯಾಸೆಟ್ಟು ಬಂದರೂ ಒಂದು ತೊಡಕು ಉಳಿದೇ ಇತ್ತು. ಕಥೆಯಾದರೆ ಮೊದಲಿಂದ ಕೊನೆಯವರೆಗೆ ಕೇಳಬಹುದು. ಆದರೆ ವಿಶ್ವವಿದ್ಯಾಲಯದಲ್ಲಿ ಓದುವ ಅಂಧ ವಿದ್ಯಾರ್ಥಿ 143ನೆಯ ಪುಟದ ಎರಡನೆಯ ಪರಿಚ್ಛೇದಕ್ಕೆ ಹೋಗುವುದು ಹೇಗೆ? ಸುರುಳಿಯನ್ನು ಮುಂದಕ್ಕೂ ಹಿಂದಕ್ಕೂ ಓಡಿಸುತ್ತಾ ಕೂರಬೇಕು. ಈ ತೊಡಕನ್ನು ನೀಗಲು ಸ್ವೀಡನ್ನಿನ ಮಾತಾಡುವ ಪುಸ್ತಕಗಳ ಗ್ರಂಥಾಲಯದವರು 1980ರ ದಶಕದ ಕೊನೆಯಿಂದ ಮಾಡಿದ ಯತ್ನವೇ ಬೆಳೆದು ‘ಡೈಸಿ’ ಎಂಬ ಪದ್ಧತಿಯಾಯಿತು. 1996ರಲ್ಲಿ ಹಲವು ದೇಶಗಳ ಅಂಧರ ಗ್ರಂಥಾಲಯಗಳು ಸೇರಿ ಡೈಸಿ ಒಕ್ಕೂಟವನ್ನು ಕಟ್ಟಿದವು.

ಡೈಸಿಯ ಯುಕ್ತಿ ಸರಳವಾದುದು. ಪಠ್ಯದ ಒಂದೊಂದು ತುಣುಕಿಗೂ ಒಂದು ಗುರುತು. ಧ್ವನಿಯ ಕಡತದಲ್ಲಿ ಆ ತುಣುಕು ಮೊದಲಾಗುವ ಮತ್ತು ಮುಗಿಯುವ ಕ್ಷಣಗಳ ಲೆಕ್ಕ. ಇವೆರಡನ್ನೂ ಜೋಡಿಸುವ ಮೂರನೆಯದೊಂದು ಪಟ್ಟಿ. ನಮ್ಮ ಹಿರಿಯರು ಜಮಾಖರ್ಚಿನ ಪುಸ್ತಕದಲ್ಲಿ ಎಡಕ್ಕೊಂದು ಬಲಕ್ಕೊಂದು ಬರೆದಂತೆ. ಈ ಪಟ್ಟಿಯನ್ನು ಬರೆಯುವ ‘ಸ್ಮಿಲ್’ ಎಂಬ ಗಣಕ ಭಾಷೆ 1998ರ ಜೂನಿನಲ್ಲಿ ಅಧಿಕೃತವಾಯಿತು. 2011ರಲ್ಲಿ ಬಂದ ‘ಇಪಬ್ 3’ ಎಂಬ ವಿದ್ಯುನ್ಮಾನ ಪುಸ್ತಕದ ಮಾನದಂಡವು ಅದನ್ನೇ ಅಳವಡಿಸಿಕೊಂಡು ಸಾಮಾನ್ಯ ಓದುಗರ ಪುಸ್ತಕಗಳಿಗೂ ತಂದಿತು. ಅಂಧರಿಗೆ ಬೇಕಾಗಿದ್ದದ್ದು ಪುಟ ಹುಡುಕುವ ಸೌಕರ್ಯ. ಅಕ್ಷರದ ಮೇಲೆ ಬಣ್ಣ ಮೂಡುವುದು ಅದರ ಬೆನ್ನಿಗೆ ಬಂದ ಲಾಭ. ಅರೆದೃಷ್ಟಿಯವರಿಗೆ, ಅಕ್ಷರಗಳು ಕಣ್ಣೆದುರು ಕಲಸಿಹೋಗುವ ಕಲಿಕಾ ತೊಂದರೆಯ ಮಕ್ಕಳಿಗೆ, ಹೊಸದಾಗಿ ಲಿಪಿ ಕಲಿಯುವವರಿಗೆ ಆ ಲಾಭವೇ ಮುಖ್ಯವಾಯಿತು.

ನಮ್ಮ ದೇಶದಲ್ಲಿ ಡೈಸಿ ಫೋರಂ ಆಫ್ ಇಂಡಿಯಾ 2007ರಲ್ಲಿ ರೂಪುಗೊಂಡಿತು. ಬೆಂಗಳೂರಿನ ಮಿತ್ರಜ್ಯೋತಿಯಂತಹ ಸಂಸ್ಥೆಗಳು ಸ್ವಯಂಸೇವಕರ ದನಿಯಲ್ಲಿ ಪುಸ್ತಕಗಳನ್ನು ಧ್ವನಿಮುದ್ರಿಸಿ ಅಂಧರಿಗೆ ಒದಗಿಸುವ ಕಾರ್ಯವನ್ನು ಅದಕ್ಕೂ ಮೊದಲಿನಿಂದ ಮಾಡುತ್ತಾ ಬಂದಿವೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯು ಅಂಗವೈಕಲ್ಯವುಳ್ಳವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಲೇಖಕರ ಅನುಮತಿ ಬೇಕಿಲ್ಲವೆಂದು ಸಾರಿತು. ಇದೇ ಆಶಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರ ಆಗಸ್ಟ್‌ನಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರ್ಜಾಲ ಗ್ರಂಥಾಲಯವೂ ತೆರೆಯಿತು.

ಈ ಕಾನೂನಿನ ಮಾತು ಕಾಸರಗೋಡಿಗೆ ಬಂದಾಗ ಬರಿಯ ಕಾನೂನಾಗಿ ಉಳಿಯುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಪಂಚಾಯತುಗಳನ್ನು ನೆನೆಯಿರಿ. ಇವೆಲ್ಲ ಕನ್ನಡವೂ ತುಳುವೂ ಬಾಳಿದ ಊರುಗಳು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಾದ್ಯಂತ ತಡೆಹಿಡಿಯಿತು, ಆದರೆ ಅದಾಗಲೇ ಹುಟ್ಟಿದ್ದ ಮಕ್ಕಳಲ್ಲಿ ದೃಷ್ಟಿ ಮಂದವಾದವರು, ಕೈ ಸ್ವಾಧೀನವಿಲ್ಲದವರು, ಕಲಿಕೆ ನಿಧಾನವಾದವರು ಇದ್ದರು, ಇದ್ದಾರೆ. ಪುಸ್ತಕವನ್ನು ಕೈಯಲ್ಲಿ ಹಿಡಿಯಲಾರದ, ಪುಟ ಮಗುಚಲಾರದ ಮಗುವಿಗೆ ತಾನಾಗಿ ಓದಿಕೊಳ್ಳುವ, ತಾನಾಗಿ ಪುಟ ತಿರುಗುವ ಕನ್ನಡ ಪುಸ್ತಕ ಬೇಕು. ಡೈಸಿ ಹುಟ್ಟಿದ್ದೇ ಇಂಥವರಿಗಾಗಿ. ಗಡಿನಾಡಿನ ಸಾಹಿತ್ಯ ಸಮ್ಮೇಳನಗಳ ನಿರ್ಣಯಗಳಲ್ಲಿ ಶಾಲೆಗಳ, ಅಧ್ಯಾಪಕ ಹುದ್ದೆಗಳ ಬೇಡಿಕೆಗಳು ನ್ಯಾಯವಾಗಿಯೇ ಸ್ಥಾನ ಪಡೆಯುತ್ತವೆ. ಬಡ್ಸ್ ಶಾಲೆಯಲ್ಲಿ ಕುಳಿತ ಕನ್ನಡದ ಮಗುವಿಗೆ ಓದಿ ಹೇಳುವ ಪುಸ್ತಕವೂ ಆ ಸಾಲಿಗೆ ಸೇರತಕ್ಕದ್ದೆಂದು ನನ್ನ ಅಭಿಪ್ರಾಯ.

ಮನರಂಜನೆಯ ಕಡೆಯಿಂದಲೂ ಈ ವಿದ್ಯೆಗೆ ಒಂದು ಹೊಳೆ ಬಂದು ಸೇರಿದೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಫ್ಲೈಷರ್ ಸಹೋದರರು ತಮ್ಮ ಚಿಕ್ಕ ಚಲನಚಿತ್ರಗಳಲ್ಲಿ ಹಾಡಿನ ಸಾಲನ್ನು ತೆರೆಯ ಮೇಲೆ ಬರೆದು, ಅಕ್ಷರದಿಂದ ಅಕ್ಷರಕ್ಕೆ ಪುಟಿಯುವ ಚೆಂಡೊಂದನ್ನು ಬಿಟ್ಟರು. ಪ್ರೇಕ್ಷಕರು ಚೆಂಡಿನ ಜೊತೆ ಹಾಡಿದರು. ಅದೇ ಉಪಾಯ ಸಾಕ್ಷರತೆಗೂ ಒದಗೀತೆಂದು ಕಂಡವರು ಬ್ರಿಜ್ ಕೊಠಾರಿ. ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗ ಸ್ಪ್ಯಾನಿಷ್ ಚಿತ್ರವೊಂದನ್ನು ನೋಡುತ್ತಾ, ಮಾತಿನ ಕೆಳಗೆ ಅದೇ ಭಾಷೆಯ ಅಕ್ಷರಗಳಿದ್ದರೆ ತನಗೆ ಆ ಭಾಷೆ ಬೇಗ ಬಂದೀತಲ್ಲವೇ ಎಂದು ಹೊಳೆದುದನ್ನು ಅವರು ಭಾರತದ ಚಿತ್ರಗೀತೆಗಳಿಗೆ ಅನ್ವಯಿಸಿದರು. ಅಹಮದಾಬಾದಿನ ಐಐಎಮ್‌ನಲ್ಲಿ 1996ರಲ್ಲಿ ಆರಂಭವಾದ ಆ ಪ್ರಯೋಗ 1999ರಲ್ಲಿ ಗುಜರಾತಿ ‘ಚಿತ್ರಗೀತ್’ ಕಾರ್ಯಕ್ರಮದ ಮೂಲಕ ದೂರದರ್ಶನವನ್ನು ಸೇರಿತು. ಬಾಯಿಪಾಠವಾದ ಹಾಡಿನ ಅಕ್ಷರಗಳು ಕಣ್ಣೆದುರು ಬಂದಾಗ ಅರೆಬರೆ ಓದು ಬಲ್ಲವನು ತನಗರಿವಿಲ್ಲದೆಯೇ ಓದುತ್ತಾನೆ ಎನ್ನುವುದು ಅದರ ತತ್ತ್ವ. ಕಿವಿಗೆ ಮೊದಲೇ ಗೊತ್ತಿರುವುದನ್ನು ಕಣ್ಣಿಗೆ ಪರಿಚಯಿಸುವ ಈ ಮಾರ್ಗ ಯಕ್ಷಗಾನದ ಪದಗಳನ್ನು ಗುನುಗುವ ನಮ್ಮ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಮಕ್ಕಳ ಕಥೆಗಳು ಕನ್ನಡದಲ್ಲಿಯೂ ಬಹಳ ಇವೆ. ದನಿಯೊಡನೆ ಪದ ಬೆಳಗುವ ಕಥೆಗಳನ್ನೂ ಆ ತಾಣ ಪ್ರಕಟಿಸುತ್ತದೆ. 2020ರ ಜೂನ್ 1ರಂದು ಕೇರಳದಲ್ಲಿ ‘ಫಸ್ಟ್ ಬೆಲ್’ ದೂರಪಾಠಗಳು ಮೊದಲಾದಾಗ ಕನ್ನಡ ಮಾಧ್ಯಮದ ಮಕ್ಕಳಿಗಾಗಿಯೂ ಪಾಠಗಳು ತಯಾರಾದವು. ನಮ್ಮ ಅಧ್ಯಾಪಕರು ಕ್ಯಾಮರಾದ ಎದುರು ನಿಂತು ಪಠ್ಯವನ್ನು ಓದಿ ಹೇಳಿದ ಆ ದಿನಗಳನ್ನು ಕೇವಲ ಸಾಂಕ್ರಾಮಿಕದ ಸಂಕಟವಾಗಿ ನೆನೆದರೆ ಸಾಲದು. ಗಡಿನಾಡಿನ ಉಚ್ಚಾರದ ಕನ್ನಡ ಅಷ್ಟು ವ್ಯವಸ್ಥಿತವಾಗಿ ಧ್ವನಿಮುದ್ರಿತವಾದ ಸಂದರ್ಭ ಮತ್ತೊಂದಿಲ್ಲ.

ಇನ್ನು ಕನ್ನಡದ ಒಳಗಿನ ತೊಡಕುಗಳಿಗೆ ಬರೋಣ. ಇಂಗ್ಲಿಷಿಗೆಂದು ಹೊಲಿದ ಅಂಗಿ ನಮಗೆ ಹಾಗೆಯೇ ಒಪ್ಪುವುದಿಲ್ಲ. ಅಕ್ಷರ ಅಕ್ಷರಕ್ಕೂ ಬಣ್ಣ ಸರಿಸುತ್ತೇವೆಂದು ಹೊರಟರೆ ‘ಸ್ತ್ರೀ’ ಎಂಬ ಒಂದೇ ಅಕ್ಷರ ಗಣಕದ ಒಳಗೆ 6 ಸಂಕೇತಗಳಾಗಿ ಒಡೆದಿರುತ್ತದೆ. ಎಚ್ಚರ ತಪ್ಪಿದರೆ ಬಣ್ಣ ಒತ್ತಕ್ಷರವನ್ನು ಅರ್ಧಕ್ಕೆ ಸೀಳುತ್ತದೆ. ‘ಸೂರ್ಯ’ ಎಂಬಲ್ಲಿ ರೇಫವನ್ನು ಯಕಾರಕ್ಕಿಂತ ಮೊದಲು ನುಡಿಯುತ್ತೇವೆ, ಅರ್ಕಾವೊತ್ತನ್ನು ಯಕಾರದ ಬಲಕ್ಕೆ ಬರೆಯುತ್ತೇವೆ. ಅಲ್ಲಿ ಕಣ್ಣಿನ ದಾರಿ ಒಂದು, ಕಿವಿಯ ದಾರಿ ಇನ್ನೊಂದು. ಆದ್ದರಿಂದ ಕನ್ನಡಕ್ಕೆ ಪದವೇ ತಕ್ಕ ಅಳತೆ. ಆದರೆ ಪದವೆಂದರೆ ಯಾವುದು? ‘ಬರಬೇಕಾಗಿತ್ತೆಂದು’ ಎಂಬುದು ತೆರಪಿಲ್ಲದ ಒಂದೇ ಪದ, ಅರ್ಥದಲ್ಲಿ ಒಂದು ಪುಟ್ಟ ವಾಕ್ಯ. ಹೊಸದಾಗಿ ಓದುವ ಮಗುವಿಗೆ ಅಷ್ಟುದ್ದದ ಬಣ್ಣದ ಪಟ್ಟಿ ತೋರಿಸಿ ಪ್ರಯೋಜನವಿಲ್ಲ.

ಕಾವ್ಯಕ್ಕೆ ಬಂದರೆ ಗಂಟು ಇನ್ನೂ ಬಿಗಿ. ಭಾಮಿನೀ ಷಟ್ಪದಿಯ 1, 2, 4, 5ನೆಯ ಸಾಲುಗಳಲ್ಲಿ 14 ಮಾತ್ರೆ, 3 ಮತ್ತು 6ನೆಯ ಸಾಲುಗಳಲ್ಲಿ 23 ಮಾತ್ರೆ. ಮೂರು ನಾಲ್ಕರ ಗಣಗಳು ಪದದ ಎಲ್ಲೆಯನ್ನು ಲೆಕ್ಕಿಸದೆ ನಡೆಯುತ್ತವೆ. ಯತಿಯನ್ನು ಮೀರುವುದು ಕನ್ನಡ ಕವಿಗಳ ಹುಟ್ಟುಗುಣವಾದ್ದರಿಂದ ಸಾಲಿನ ತುದಿಯಲ್ಲಿ ಪದ ಒಡೆದು ಉಳಿದರ್ಧ ಕೆಳಗಿನ ಸಾಲಿಗೆ ಇಳಿಯುತ್ತದೆ. ಆಗ ಒಂದೇ ಪದಕ್ಕಾಗಿ ಎರಡು ಕಡೆ ಬಣ್ಣ ಮೂಡಬೇಕು. ಗಮಕಿ ಒಂದು ಸಾಲನ್ನು ಎರಡು ಮೂರು ಸಲ ರಾಗ ತಿರುಗಿಸಿ ಓದುತ್ತಾರೆ. ಪುಸ್ತಕದಲ್ಲಿ ಆ ಸಾಲು ಒಮ್ಮೆ ಮಾತ್ರ ಇದೆ. ಮುಂದೆ ಮುಂದೆ ಹೋಗುವುದನ್ನಷ್ಟೇ ಬಲ್ಲ ತಂತ್ರಾಂಶ ಇಲ್ಲಿ ಎಡವುತ್ತದೆ. ಇನ್ನು ಅರ್ಥಧಾರಿಯ ಮಾತಿಗಂತೂ ಪುಟದಲ್ಲಿ ಜಾಗವೇ ಇಲ್ಲ. ಅಷ್ಟು ಹೊತ್ತು ಬಣ್ಣ ಎಲ್ಲಿ ನಿಂತಿರಬೇಕು? ಪದದ ಕೊನೆಯಲ್ಲಿ ನಿಂತು ಕಾಯಬೇಕು ಎನ್ನುವುದೇ ಸರಿಯೆಂದು ನನಗೆ ತೋರುತ್ತದೆ. ಭಾಗವತರೂ ಕೈಯಲ್ಲಿ ತಾಳ ಹಿಡಿದು ಹಾಗೆಯೇ ಕಾಯುತ್ತಾರೆ.

ಈ ಜೋಡಣೆಯನ್ನು ಕೈಯಿಂದ ಮಾಡುವುದು ಬೇಸರದ ಕೆಲಸ. ಕೇಳುತ್ತಾ, ನಿಲ್ಲಿಸುತ್ತಾ, ಕ್ಷಣಗಳನ್ನು ಬರೆದುಕೊಳ್ಳುತ್ತಾ ಕೂರಬೇಕು. ಈಗ ಯಂತ್ರಗಳು ನೆರವಿಗೆ ಬಂದಿವೆ. ‘ಏನಿಯಾಸ್’ ಎಂಬ ಮುಕ್ತ ತಂತ್ರಾಂಶದ ರೀತಿಯನ್ನು ಉದಾಹರಣೆಯಾಗಿ ನೋಡಬಹುದು. ಅದು ಮೊದಲು ಅದೇ ಪಠ್ಯವನ್ನು ಕೃತಕ ದನಿಯಲ್ಲಿ ತಾನು ಓದಿಕೊಳ್ಳುತ್ತದೆ. ತನ್ನ ಓದನ್ನು ಮನುಷ್ಯನ ಓದಿನ ಪಕ್ಕದಲ್ಲಿಟ್ಟು, ಎಲ್ಲಿ ಹಿಗ್ಗಿದೆ, ಎಲ್ಲಿ ಕುಗ್ಗಿದೆ ಎಂದು ಎಳೆದು ಹೊಂದಿಸಿ, ಪ್ರತಿ ತುಣುಕಿನ ಕಾಲವನ್ನು ಊಹಿಸುತ್ತದೆ. ಸರಳ ಗದ್ಯಕ್ಕೆ ಈ ಊಹೆ ಸಾಕಷ್ಟು ಒಪ್ಪುತ್ತದೆ. ಒಂದು ಸ್ವರವನ್ನು ಆಲಾಪದಲ್ಲಿ ತೇಲಿಸುವ ಗಮಕದ ಎದುರು ಅದಕ್ಕೆ ದಿಕ್ಕು ತಪ್ಪುತ್ತದೆ. ಅಲ್ಲಿ ಮತ್ತೆ ಮನುಷ್ಯನೇ ಕೂರಬೇಕು, ಅದೂ ಪದಚ್ಛೇದ ಬಲ್ಲ ಮನುಷ್ಯ. ದನಿಯನ್ನೂ ಯಂತ್ರದಿಂದಲೇ ಹುಟ್ಟಿಸಿಬಿಟ್ಟರಾಯಿತಲ್ಲ ಎನ್ನುವ ತರುಣರಿದ್ದಾರೆ. ಪಂಚಾಯತಿನ ಪ್ರಕಟಣೆಯನ್ನು ಓದಿಸುವುದಕ್ಕೆ ಅಷ್ಟು ಸಾಕು. ಆದರೆ ಕಿವಿಯಿಂದಲೇ ಕನ್ನಡವನ್ನು ಕಲಿತ ಸಮಾಜವು ತನ್ನ ಮಕ್ಕಳ ಕಿವಿಗೆ ಯಾರ ದನಿಯನ್ನು ಕೊಡುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಗಮಕಿಗಳು, ನಿವೃತ್ತ ಕನ್ನಡ ಅಧ್ಯಾಪಕರು, ಭಾಗವತರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರಲ್ಲಿ ಅನೇಕರಿಗೆ ವಯಸ್ಸಾಗಿದೆ.

ಪಠ್ಯ ಯಾವುದಾಗಬೇಕೆಂಬ ಪ್ರಶ್ನೆಗೆ ಕಾನೂನಿನ ಒಂದು ಮುಖವಿದೆ. ಕುಮಾರವ್ಯಾಸ, ಪಾರ್ತಿಸುಬ್ಬರ ಮೂಲಕ್ಕೆ ಯಾರ ಹಂಗೂ ಇಲ್ಲ. ಹಳೆಯ ಕ್ಯಾಸೆಟ್ಟುಗಳ ಮಾತು ಬೇರೆ: ಧ್ವನಿಮುದ್ರಣಕ್ಕೆ ಪ್ರಕಟವಾದಂದಿನಿಂದ 60 ವರ್ಷಗಳ ಹಕ್ಕು ಇರುವುದರಿಂದ, ಎಂಬತ್ತರ ದಶಕದ ಯಕ್ಷಗಾನದ ದನಿಗಳನ್ನು ಅನುಮತಿಯಿಲ್ಲದೆ ಪುಸ್ತಕಕ್ಕೆ ಹೊಲಿಯುವಂತಿಲ್ಲ. ಪಠ್ಯ ಬಿಡುಗಡೆಯಾಗಿದ್ದರೂ ದನಿ ಬೀಗದೊಳಗಿದೆ. ಹೊಸ ಲೇಖಕರಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಂಡರು; ಅವರ ಕೃತಿಗಳ ಹಕ್ಕು 2075ರ ಕೊನೆಯವರೆಗೆ ವಾರಸುದಾರರದು. ಅಂಗವಿಕಲರಿಗಾಗಿ ಮಾಡುವ ಪ್ರತಿಗೆ ಕಾನೂನಿನ ರಿಯಾಯಿತಿ ಇದೆ, ಎಲ್ಲ ಮಕ್ಕಳಿಗಾಗಿ ಮಾಡುವುದಾದರೆ ಕೇಳಿ ಪಡೆಯಬೇಕು.

ಮಂಜೇಶ್ವರದ ಗೋವಿಂದ ಪೈಗಳು 1963ರ ಸೆಪ್ಟೆಂಬರ್ 6ರಂದು ನಿಧನರಾದರು. ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಎಂಬ ಲೆಕ್ಕದಂತೆ, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕಿನ ಅವಧಿ 2023ರ ಕೊನೆಗೆ ಮುಗಿದು, 2024ರ ಜನವರಿ 1ರಿಂದ ಅವು ಸಾರ್ವಜನಿಕರ ಸೊತ್ತಾಗಿವೆ. 1937ರಲ್ಲಿ ಪ್ರಕಟವಾದ ‘ಗೊಲ್ಗೊಥಾ’ ಹಾಡುವುದಕ್ಕಿಂತ ಗಟ್ಟಿಯಾಗಿ ಓದುವುದಕ್ಕೆ ಒಗ್ಗುವ ಖಂಡಕಾವ್ಯ. ಷಟ್ಪದಿಯಂತೆ ರಾಗದ ತೊಡಕಿಲ್ಲ. ಯಂತ್ರದ ಊಹೆಯನ್ನು ತಿದ್ದುವ ಶ್ರಮವೂ ಕಡಿಮೆಯಾದೀತು. ಮಂಜೇಶ್ವರದ ಅವರ ಮನೆ ಇಂದು ‘ಗಿಳಿವಿಂಡು’ ಎಂಬ ಸ್ಮಾರಕವಾಗಿ ನಿಂತಿದೆ. ಆ ಚಾವಡಿಯಲ್ಲಿ ಒಂದು ಧ್ವನಿಮುದ್ರಕ, ಓದಬಲ್ಲ ಒಬ್ಬರು, ಅಕ್ಷರ ಜೋಡಿಸಬಲ್ಲ ಇಬ್ಬರು ಹುಡುಗರು, ಕೆಲವು ಭಾನುವಾರಗಳು. ಇದಕ್ಕೆ ಯಾವ ಸರಕಾರದ ಆದೇಶವೂ ಬೇಕಾಗಿಲ್ಲ.